ಸೂಜಿಯಕ್ಕ ರಜೆಯಲ್ಲಿದ್ದಾಳೆ

ಆ ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆ ಇದ್ದದ್ದು ನೆಲಮಾಳಿಗೆಯಲ್ಲಿ. ಮೆಟ್ಟಿಲಿಳಿದು, ಬಿಸಿನೀರಿನ ಕೊಳವೆಗಳ ಪಕ್ಕ ತಲೆ ತಗ್ಗಿಸಿ ನಡೆದರೆ ಕಟ್ಟಕಡೆಯ ಬಾಗಿಲು. ಒಳಗೆ ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟುಗಳು. ಮಂಚದ ಹೊದಿಕೆ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ, ಮಕ್ಕಳ ವಾರ್ಡಿನ ಬೆರಳುದ್ದದ ಅಂಗಿಗಳು. ಕಿಟಕಿ ಅಂತ ಒಂದಿತ್ತು. ಅದರಲ್ಲಿ ಕಾಣುತ್ತಿದ್ದದ್ದು ರಸ್ತೆಯಲ್ಲಿ ಓಡಾಡುವವರ ಕಾಲುಗಳು ಮಾತ್ರ. ಆ ಕಿಟಕಿಯ ಕೆಳಗೆ ಹೊಲಿಗೆ ಯಂತ್ರ ಹಾಕಿಕೊಂಡು, ಹರಿದದ್ದನ್ನು ಹೊಲಿಯುತ್ತ, ಹೊಲಿದದ್ದನ್ನು ವಾರ್ಡುಗಳಿಗೆ ಹಂಚುತ್ತ ಕೂತವಳು ಸೂಜಿಯಕ್ಕ.

ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಉಳಿದಿತ್ತು, ಅಷ್ಟೆ. ಸೂಜಿಯಕ್ಕ ಅಂತ ಕರೆದದ್ದು ಕೈಯಲ್ಲಿದ್ದ ಸೂಜಿ ನೋಡಿಯೋ, ಬಾಯಲ್ಲಿದ್ದದ್ದನ್ನು ನೋಡಿಯೋ ಯಾರಿಗೂ ನೆನಪಿಲ್ಲ. ಚುಚ್ಚುವುದು ಗೊತ್ತಿತ್ತು, ಹೊಲಿಯುವುದೂ ಗೊತ್ತಿತ್ತು. ಬೈದವರ ಅಂಗಿಯ ಗುಂಡಿ ಕಿತ್ತಿದ್ದರೆ ಬೈಯುತ್ತಲೇ ಹಾಕಿಕೊಡುವಳು.

ಆ ಕೋಣೆಗೆ ಒಂದು ಕಟ್ಟಳೆ ಇತ್ತು. ಬಾಗಿಲು ತೆಗೆದವರೇ ಮುಚ್ಚಬೇಕು. ಹಿಂದೆ ಯಾವಾಗಲೋ ಒಬ್ಬರು ತೆಗೆದು, ಇನ್ನೊಬ್ಬರು ಬೀಗ ಹಾಕಿಕೊಂಡು ಮನೆಗೆ ಹೋಗಿ, ಒಂದು ವಾರ್ಡಿಗೆ ವಾರ್ಡೇ ಬರಿಯ ರೆಕ್ಸಿನ್ ಹಾಸಿಗೆಯ ಮೇಲೆ ಮಲಗಿತ್ತಂತೆ. ಅವತ್ತಿನಿಂದ ಬೆಳಗ್ಗೆ ಯಾರ ಕೈಯಲ್ಲಿ ಬೀಗ ತೆರೆಯಿತೋ ಸಂಜೆ ಅವರ ಕೈಯಲ್ಲೇ ಮುಚ್ಚಬೇಕು. ನಡುವೆ ಬಾಗಿಲು ಹಾರುಹೊಡೆದಿರುತ್ತಿತ್ತು. ಬರುವವರು ಬರಲಿ, ಹೋಗುವವರು ಹೋಗಲಿ. ಸೂಜಿಯಕ್ಕ ಆ ಕಟ್ಟಳೆಯನ್ನು ಒಂದು ದಿನವೂ ಮೀರಿದವಳಲ್ಲ. ಆಮೇಲೆ ಆದದ್ದಕ್ಕೆಲ್ಲ ಅದೇ ಕಾರಣವಾಯಿತು.

ಕೋಣೆಗೆ ಕಂಪ್ಯೂಟರ್ ಬಂದಾಗಿನಿಂದ ಅವಳ ಬೆಳಗು ಹಾಳಾಗಿತ್ತು. ಬಟ್ಟೆ ಲೆಕ್ಕಕ್ಕೆ ಒಂದು ಪಾಸ್‌ವರ್ಡ್, ಒಗೆಯುವ ಯಂತ್ರಗಳಿಗೆ ಒಂದು, ದಾರ ಗುಂಡಿ ತರಿಸಲು ಒಂದು, ದೂರು ಕೊಡಲು ಒಂದು, ಹಾಜರಿ ರಜೆಗೆ ಇನ್ನೊಂದು. ಅತ್ತೆ ಮನೆಯಲ್ಲಿ ಐದು ಜನ ನಾದಿನಿಯರಿದ್ದ ಹಾಗೆ. ಒಬ್ಬಳಿಗೆ ಅಂಕಿ ಬೇಕು, ಒಬ್ಬಳಿಗೆ ದೊಡ್ಡಕ್ಷರ ಬೇಕು, ಇನ್ನೊಬ್ಬಳಿಗೆ ಚಿಹ್ನೆಯಿಲ್ಲದೆ ಆಗದು, ಮತ್ತೊಬ್ಬಳು ಪ್ರತಿ ತಿಂಗಳೂ ಹೊಸದು ತಾ ಅನ್ನುವಳು. ಅಕ್ಷರ ಕೂಡಿಸಿ ಓದಲು ಬರುವಷ್ಟು ಓದಿದವಳು ಸೂಜಿಯಕ್ಕ. ರೇಗಿ ರೇಗಿ ಕೊನೆಗೆ ಬೈಗುಳಗಳನ್ನೇ ಪಾಸ್‌ವರ್ಡ್ ಮಾಡಿಟ್ಟಳು. ಒಂದಕ್ಕೆ ಹಾಳಾಗ್ಹೋಗು, ಒಂದಕ್ಕೆ ಸುಟ್ಟುಹೋಗು. ಮರೆಯುವ ಮಾತೇ ಇಲ್ಲ, ಆ ಹೊತ್ತಿಗೆ ಬಾಯಿಗೆ ಬರುವುದು ಅದೇ ತಾನೆ.

ಒಮ್ಮೆ ಬಟ್ಟೆ ಲೆಕ್ಕದ ಬಾಗಿಲು ತೆರೆಯದೆ, ಮೂರನೇ ಮಹಡಿಯಿಂದ ಕಂಪ್ಯೂಟರ್ ಮೇಡಂ ಇಳಿದು ಬಂದಿದ್ದಳು. ಆಸ್ಪತ್ರೆಯ ಕಂಪ್ಯೂಟರುಗಳಿಗೆಲ್ಲ ವೈದ್ಯೆ ಅವಳು. ವಯಸ್ಸಿನಲ್ಲಿ ಚಿಕ್ಕವಳು, ತಾಳ್ಮೆಯಲ್ಲಿ ದೊಡ್ಡವಳು.

"ಹಳೇ ಪಾಸ್‌ವರ್ಡ್ ನೆನಪಿದೆಯಾ ಅಕ್ಕ?"

"ನೆನಪಿದೆ. ಬಾಯಿ ಬಿಟ್ಟು ಹೇಳೋ ಹಾಗಿಲ್ಲ."

"ಹೇಳಬಾರದು, ಸರಿ. ನೀವೇ ಹಾಕಿ, ನಾನು ಆ ಕಡೆ ತಿರುಗ್ತೀನಿ."

"ಇಲ್ಲೇ ನೋಡಿ ಬೇಕಾದ್ರೆ. ಹೇಗೂ ಬರೀ ಚುಕ್ಕೆ ಬರ್ತದಲ್ಲ. ಅದೇ ನನ್ನ ಪುಣ್ಯ!"

ಅದೇ ಮೇಡಂ ಒಂದು ಬೆಳಗ್ಗೆ ಒಳ್ಳೆಯ ಸುದ್ದಿ ತಂದಳು. ಸೂಜಿಯಕ್ಕನ ಪಕ್ಕ ಬಟ್ಟೆಯ ಗಂಟಿನ ಮೇಲೆ ಕೂತು, ಮಗುವಿಗೆ ಹೇಳಿದಂತೆ ಹೇಳಿದಳು.

"ಇನ್ಮೇಲೆ ಐದೈದು ಬೇಡ ಅಕ್ಕ. ಸಿಂಗಲ್ ಸೈನ್ ಆನ್ ಅಂತ ಬಂದಿದೆ. ಒಂದ್ಸಲ ಹಾಕಿದ್ರೆ ಸಾಕು, ಎಲ್ಲಾ ಕಡೆ ಒಳಗೆ ಬಿಡ್ತದೆ. ಮತ್ತೆ ಮತ್ತೆ ಕೇಳಲ್ಲ."

"ಅಂದ್ರೆ ಹೆಬ್ಬಾಗಿಲು ದಾಟಿದ್ರೆ ಒಳಗಿನ ಕೋಣೆಗೆಲ್ಲ ಬೀಗ ಇಲ್ಲ."

"ಎಷ್ಟು ಚೆನ್ನಾಗಿ ಹೇಳಿದ್ರಿ! ಹಾಗೇ. ಆದ್ರೆ ಹೋಗುವಾಗ ಮರೀದೆ ಮುಚ್ಚಬೇಕು."

"ಅದನ್ನ ನಂಗೆ ಹೇಳಿಕೊಡ್ತೀರಾ? ಈ ಕೋಣೇಲಿ ತೆಗೆದವರೇ ಮುಚ್ಚೋದು. ನಿಮ್ಮ ಕಂಪ್ಯೂಟರ್ ಹುಟ್ಟೋಕೆ ಮುಂಚಿನಿಂದ."

ಇಬ್ಬರೂ ನಕ್ಕರು. ಹೋಗುವಾಗ ಎಂದರೆ ಕುರ್ಚಿಯಿಂದ ಎದ್ದು ಹೋಗುವಾಗಲೆಲ್ಲ ಅಂತ ಮೇಡಂ ಲೆಕ್ಕ. ಹೋಗುವಾಗ ಎಂದರೆ ಸಂಜೆ ಮನೆಗೆ ಹೋಗುವಾಗ ಅಂತ ಸೂಜಿಯಕ್ಕನ ಲೆಕ್ಕ. ಒಂದೇ ಮಾತನ್ನು ಇಬ್ಬರೂ ಒಪ್ಪಿಕೊಂಡು ಬೇರೆ ಬೇರೆ ಮನೆಗೆ ಹೋದಂತಾಯಿತು.

ಅವತ್ತು ಸೂಜಿಯಕ್ಕ ಮೊದಲ ಸಲ ಬೈಗುಳವಲ್ಲದ ಪಾಸ್‌ವರ್ಡ್ ಇಟ್ಟಳು. ಬಂಗಾರ ಅಂತ. ಮಗಳನ್ನು ಎತ್ತಿ ಆಡಿಸುವಾಗ ಕರೆಯುತ್ತಿದ್ದ ಹೆಸರು.

ಆ ಮಗಳು ಈಗ ತುಂಬಿದ ಬಸುರಿ. ಬಸ್ಸಿನಲ್ಲಿ ಒಂದು ಹಗಲು ಪೂರ್ತಿ ಕೂತರೆ ಸಿಗುವ ಊರಿನಲ್ಲಿ ಬಾಡಿಗೆ ಮನೆ. ಅಳಿಯ ದೂರದ ಲಾರಿ ಓಡಿಸುವವನು. ಇದ್ದರೆ ಇದ್ದ, ಇಲ್ಲದಿದ್ದರೆ ಇಲ್ಲ. ಹೆರಿಗೆ ತಿಂಗಳ ಕೊನೆಗೆ ಅಂದಿದ್ದರು ಡಾಕ್ಟರು. ಸೂಜಿಯಕ್ಕ ಈ ಒಂದು ಸಲಕ್ಕೆಂದು ವರ್ಷಗಟ್ಟಲೆ ರಜೆ ಕೂಡಿಟ್ಟಿದ್ದಳು. ಜ್ವರ ಬಂದರೂ ಮಾತ್ರೆ ನುಂಗಿ ಬಂದಿದ್ದಳು, ಕಾಲು ಉಳುಕಿದಾಗ ಕುಂಟುತ್ತ ಬಂದಿದ್ದಳು. "ಸತ್ತರೂ ರಜೆ ಹಾಕದೆ ಸಾಯ್ತೀಯ ನೀನು" ಅಂತ ಬ್ರೆಡ್ ವ್ಯಾನ್ ಓಡಿಸುವ ಗಂಡ ರೇಗುತ್ತಿದ್ದ.

ಅವನಿಗೆ ಅವಳ ಸಂಕಟ ಅರ್ಧ ಗೊತ್ತು. ಇನ್ನರ್ಧ ಹಳೆಯದು. ಅವಳು ಹೆತ್ತಾಗ ಅವಳ ತಾಯಿಗೆ ಬಟ್ಟೆ ಗಿರಣಿಯಲ್ಲಿ ರಜೆ ಸಿಕ್ಕಿರಲಿಲ್ಲ. ಆ ಹೊತ್ತಿನಲ್ಲಿ ಸೂಜಿಯಕ್ಕ ಹಿಡಿದುಕೊಂಡದ್ದು ಗುರುತಿಲ್ಲದ ಆಯಾ ಒಬ್ಬಳ ಕೈಯನ್ನು. ತಾಯಿ ಬಂದದ್ದು ಮಗು ಬೋರಲು ಬೀಳುವ ಹೊತ್ತಿಗೆ. ಬಂದವಳು ಹೊಸಿಲ ಹೊರಗೇ ನಿಂತು, "ಎತ್ಕೊಳ್ಳೋಕೆ ನಂಗೆ ಮುಖ ಇಲ್ಲ ಕಣೇ" ಅಂದಿದ್ದಳು. ಆ ಹೊಸಿಲಿನಲ್ಲಿ ನಿಂತ ತಾಯಿಯ ಮುಖ, ಚಪ್ಪಲಿಯ ಹರಿದ ಪಟ್ಟಿ, ಕೈಚೀಲದ ಬಣ್ಣ ಸಮೇತ ಸೂಜಿಯಕ್ಕನ ಕಣ್ಣಲ್ಲಿತ್ತು. ತನ್ನ ಮಗಳು ಆಯಾಳ ಕೈ ಹಿಡಿಯಬಾರದು. ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಹಳೆಯ ಮೆತ್ತನೆ ಹೊದಿಕೆಯ ಅಂಚು ಕತ್ತರಿಸಿ ಪುಟ್ಟ ಟೋಪಿ ಹೊಲಿಯಲು ಕೂತಳು. ಇಸ್ತ್ರಿ ಮಾವ ಅದನ್ನು ನೋಡಿ, "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲೀತಿದೀಯ" ಅಂತ ಕಾಡಿಸಿದ.

"ಹುಟ್ಟಿದ ಮೇಲೆ ಹೊಲಿಯೋಕೆ ಪುರುಸೊತ್ತು ನೀವು ಕೊಡ್ತೀರಾ?" ಅಂದಳು ಇವಳು.

ಇಸ್ತ್ರಿ ಮಾವ ಯಾರಿಗೂ ಮಾವನಲ್ಲ, ಎಲ್ಲರಿಗೂ ಮಾವ. ಪಕ್ಕದ ಆವಿ ತುಂಬಿದ ಕೋಣೆಯಲ್ಲಿ ಡಾಕ್ಟರುಗಳ ಕೋಟಿಗೆ ಇಸ್ತ್ರಿ ಹಾಕುತ್ತ ತಲೆ ಬೆಳ್ಳಗಾದವನು. ಕೆಲಸ ಬಿಡುವ ವಯಸ್ಸು ಹತ್ತಿರ ಬಂದಿತ್ತು. ಇತ್ತೀಚೆಗೆ ಒಂದೆರಡು ಕೋಟಿನ ಕಾಲರಿಗೆ ಕಂದು ಕಲೆ ಬಿದ್ದಿತ್ತು. ಸೂಜಿಯಕ್ಕ ಸುಮ್ಮನೆ ಅದನ್ನು ಮಡಿಚಿ ಒಳಗೆ ಹೊಲಿದು ಕಳಿಸಿದ್ದಳು.

ಒಂದು ಶುಕ್ರವಾರ ಮಧ್ಯಾಹ್ನ ಮಾವ ಕೈ ಒರೆಸಿಕೊಳ್ಳುತ್ತ ಬಂದ. ಅವಳು ಗೋಡೆಯ ಕಡೆ ಮುಖ ಮಾಡಿ ಯಂತ್ರ ತುಳಿಯುತ್ತಿದ್ದಳು.

"ಒಂದು ರಜೆ ಹಾಕ್ಬೇಕಿತ್ತಮ್ಮ. ಎರಡು ವಾರ ಊರಿಗೆ ಹೋಗಿ ಬರೋಣ ಅಂತ."

"ಕಂಪ್ಯೂಟರ್ ತೆಗೆದೇ ಇದೆ ಮಾವ, ಹಾಕ್ಕೊಳ್ಳಿ."

ಮಾವ ಪರದೆಗೆ ಮೂಗು ತಾಗಿಸಿ ಕೂತ. ಒಂದು ಬೆರಳಿನಲ್ಲಿ ಅಲ್ಲಿ ಒತ್ತಿದ, ಇಲ್ಲಿ ಒತ್ತಿದ. ಸ್ವಲ್ಪ ಹೊತ್ತಿಗೆ, "ಅಲ್ಲಾ, ಪಾಸ್‌ವರ್ಡೇ ಕೇಳ್ಲಿಲ್ಲವಲ್ಲೇ!" ಅಂತ ಬೆರಗಾದ.

"ಕೇಳಲ್ಲ ಮಾವ, ಹೊಸದು ಬಂದಿದೆಯಲ್ಲ. ಮತ್ತೆ ಮತ್ತೆ ಕೇಳಲ್ಲ ಅಂತ ಮೇಡಮ್ಮೇ ಹೇಳಿದಾರೆ."

"ಭಲೇ! ಇಷ್ಟು ದಿನ ಎಲ್ಲಿತ್ತು ಇದು? ನೋಡು, ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ರಜೆ ಮಂಜೂರು."

ಮಂಜೂರಾಗದೆ ಏನು? ಮಂಜೂರು ಮಾಡುವವರು ಹೂಂ ಸಾಹೇಬರು. ನೆಲಮಾಳಿಗೆಯ ಉಸ್ತುವಾರಿ ಅವರದು. ಯಾರು ಏನು ಕೇಳಿದರೂ ಹೂಂ. ಕಂಪ್ಯೂಟರಿನಲ್ಲಿ ಏನು ಬಂದರೂ ಓದದೆ ಹೂಂ ಅಂತ ಒತ್ತುವುದು ಅವರ ಪದ್ಧತಿ.

ಪರದೆಯ ಮೇಲಿನ ಮೂಲೆಯಲ್ಲಿ ಒಂದು ಗುಂಡನೆಯ ಬೊಟ್ಟು ಇರುತ್ತಿತ್ತು. ಯಾರ ಹೆಸರಿನಲ್ಲಿ ಬಾಗಿಲು ತೆರೆದಿದೆಯೋ ಅವರ ಹೆಸರಿನ ಮೊದಲಕ್ಷರ ಅದರೊಳಗೆ. ಮಾವ ಅದನ್ನು ನೋಡದೆ ಇದ್ದಾನೆಯೆ? ನೋಡಿದ್ದ, ಮಸುಕು ಮಸುಕಾಗಿ. ತನ್ನದೇ ಅಕ್ಷರ ಇತ್ತು. ಹೆತ್ತವರು ಇಟ್ಟ ಹೆಸರಿನಲ್ಲಿ ಸೂಜಿಯಕ್ಕನದೂ ಅದೇ ಅಕ್ಷರ.

ಸೋಮವಾರ ಬೆಳಗ್ಗೆ ಸೂಜಿಯಕ್ಕ ಬೀಗ ತೆಗೆದು, ದೀಪ ಹಾಕಿ, ಬಂಗಾರ ಅಂತ ಒತ್ತಿದಳು. ಪರದೆಯ ಮೇಲೆ ಹೂವಿನ ಚಿತ್ರ ಬಂತು. ಕೆಳಗೆ ಬರಹ: ನೀವು ರಜೆಯಲ್ಲಿದ್ದೀರಿ. ಒಳ್ಳೆಯ ವಿಶ್ರಾಂತಿ ಸಿಗಲಿ.

"ನಿನ್ನ ತಲೆ" ಅಂದಳು. ಮತ್ತೆ ಒತ್ತಿದಳು. ಮತ್ತೆ ಹೂವು.

ಅಷ್ಟರಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಹೆರಿಗೆ ವಾರ್ಡಿಗೆ ಹೊದಿಕೆ ಬೇಕು, ಮೂಳೆ ವಾರ್ಡಿಗೆ ದಿಂಬಿನ ಚೀಲ ಬೇಕು. ಕಂಪ್ಯೂಟರಿನಲ್ಲಿ ಬರೆಯದೆ ಒಂದು ಕರವಸ್ತ್ರವೂ ಕೊಡುವಂತಿಲ್ಲ. ಒಗೆಯುವ ಯಂತ್ರದ ಬಳಿ ಹೋದರೆ ಅಲ್ಲೂ ನೀವು ರಜೆಯಲ್ಲಿದ್ದೀರಿ. ದೂರು ಕೊಡೋಣವೆಂದರೆ ಅಲ್ಲೂ ಅದೇ ಹೂವು. ಮೊದಲು ಐದು ಬೀಗಗಳಿದ್ದವು, ಒಂದು ಕೈಕೊಟ್ಟರೆ ನಾಲ್ಕು ತೆರೆಯುತ್ತಿದ್ದವು. ಈಗ ಒಂದೇ. ಅದು ಮುಚ್ಚಿತೋ, ಮನೆಗೆ ಮನೆಯೇ ಮುಚ್ಚಿತು. ಹಸಿದು ಕ್ಯಾಂಟೀನಿಗೆ ಹೋದರೆ ಅಲ್ಲಿ ಗುರುತಿನ ಚೀಟಿ ನೋಡುವ ಯಂತ್ರವೂ ಕೆಂಪು ದೀಪ ತೋರಿಸಿತು.

"ರಜೆಯಲ್ಲಿರೋರಿಗೆ ಊಟ ಇಲ್ಲ ಅಕ್ಕ" ಅಂದ ಊಟ ಬಡಿಸುವವನು.

"ನಿನ್ನ ಕಣ್ಣೆದುರಿಗೆ ನಿಂತಿದೀನಲ್ಲೋ!"

"ನಂಗೆ ಕಾಣ್ತೀರ. ಅದಕ್ಕೆ ಕಾಣ್ತಿಲ್ಲವಲ್ಲ."

ಮೊದಲನೇ ಮಹಡಿಯ ರಜೆ ಗುಮಾಸ್ತನ ಬಳಿ ಹೋದಳು. ಅವನು ಕನ್ನಡಕದ ಮೇಲಿಂದ ನೋಡಿದ.

"ನೀವೇ ಹಾಕಿದೀರಿ, ಸಾಹೇಬ್ರು ಹೂಂ ಅಂದಿದಾರೆ. ಎರಡು ವಾರ. ಇದ್ದದ್ದೆಲ್ಲ ಖಾಲಿ."

"ಖಾಲಿ? ಖಾಲಿ ಅಂದ್ರೆ? ಮಗಳ ಹೆರಿಗೆಗೆ ಅಂತ ಇಟ್ಟಿದ್ದು ಅದು!"

"ನಿಮ್ಮ ಹೆಸರಲ್ಲಿ ಬಂದಿದೆ ಅಂದ್ರೆ ನೀವೇ."

"ನಾನು ರಜೆ ಹಾಕಿ ಕೆಲಸಕ್ಕೆ ಯಾಕೆ ಬರ್ತೀನಿ? ನಂಗೇನು ಹುಚ್ಚಾ?"

"ಅದು ನಮ್ಮ ವಿಭಾಗಕ್ಕೆ ಬರಲ್ಲ. ತಪ್ಪಾಗಿದ್ರೆ ಕಂಪ್ಯೂಟರ್‌ನಲ್ಲಿ ತಿದ್ದುಪಡಿ ಅರ್ಜಿ ಹಾಕಿ."

"ಕಂಪ್ಯೂಟರ್ ಒಳಗೇ ಬಿಡ್ತಿಲ್ಲ."

"ರಜೇಲಿದೀರಲ್ಲ, ಬಿಡಲ್ಲ. ರಜೆ ಮುಗಿದ ಮೇಲೆ ಹಾಕಿ."

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಮೂರನೇ ಮಹಡಿ ಹತ್ತಿದಳು. ಕಂಪ್ಯೂಟರ್ ಮೇಡಂ ಮಾತ್ರ ಕುರ್ಚಿ ಕೊಟ್ಟು ಕೂರಿಸಿದಳು, ಹುಡುಕಿ ನೋಡಿದಳು, ಮುಖ ಸಣ್ಣ ಮಾಡಿದಳು.

"ನಿಮ್ಮ ಕೋಣೆಯಿಂದಲೇ ಹೋಗಿದೆ ಅಕ್ಕ. ಶುಕ್ರವಾರ ಮಧ್ಯಾಹ್ನ. ಬೇರೆ ಯಾರಾದ್ರೂ ಕೂತಿದ್ರಾ? ನೀವು ಎದ್ದು ಹೋಗುವಾಗ ಮುಚ್ಚಿರಲಿಲ್ವಾ?"

ಸೂಜಿಯಕ್ಕನಿಗೆ ಶುಕ್ರವಾರದ ಮಾತು ನೆನಪಾಯಿತು. ಕೇಳಲ್ಲ ಮಾವ, ಹೊಸದು ಬಂದಿದೆಯಲ್ಲ. ಹೇಳಿದವಳು ಯಾರು? ತಾನೇ.

ಮೆಟ್ಟಿಲ ಮೇಲೆ ನಿಂತು ಮಾವನಿಗೆ ಫೋನು ಹಚ್ಚಿದಳು. ಬಾಯಿ ತುಂಬ ಬೈಗುಳ ಸಿದ್ಧ ಮಾಡಿಕೊಂಡೇ ಹಚ್ಚಿದ್ದಳು. ಹಳೆಯ ಐದು ಪಾಸ್‌ವರ್ಡುಗಳೂ ಸಾಲಾಗಿ ನಿಂತಿದ್ದವು.

"ಯಾರು? ಹೆಸರು ಕಾಣ್ತಿಲ್ಲ, ಕಣ್ಣಿಗೆ ಪಟ್ಟಿ ಕಟ್ಟಿದಾರೆ" ಅಂದ ಮಾವ.

"ನಾನು. ಕಣ್ಣಿಗೆ ಏನಾಯ್ತು?"

"ಓ, ನೀನಾ! ಯಾರಿಗೂ ಹೇಳ್ಬೇಡ ಮಗಳೇ. ಊರಿಗೆ ಅಂದೆನಲ್ಲ, ಸುಳ್ಳು. ಪೊರೆ ಬೆಳೆದಿತ್ತು, ತೆಗೆಸಿಕೊಂಡೆ. ಇಸ್ತ್ರಿಯವನಿಗೆ ಕಣ್ಣು ಕಾಣಲ್ಲ ಅಂತ ಗೊತ್ತಾದ್ರೆ ಮನೆಗೆ ಕಳಿಸ್ತಾರೆ. ಅದಕ್ಕೇ ಬೇರೆ ಆಸ್ಪತ್ರೇಲಿ. ಏನು, ಏನಾದ್ರೂ ಆಯ್ತಾ?"

ಐದೂ ಬೈಗುಳ ಗಂಟಲಲ್ಲೇ ಒಣಗಿದವು. "ಏನಿಲ್ಲ. ಸುಮ್ಮನೆ ಮಾಡಿದೆ. ಕಣ್ಣು ಉಜ್ಜಿಕೊಳ್ಳಬೇಡಿ" ಅಂತ ಫೋನಿಟ್ಟಳು. ಆಮೇಲೆ ಗೋಡೆಗೆ ಕೈಯಿಂದ ಹೊಡೆದಳು. ಬೈಯಲು ಎದುರಿಗೆ ಒಬ್ಬರೂ ಇಲ್ಲದ ಸಿಟ್ಟಿನಂಥ ಸಿಟ್ಟು ಬೇರೊಂದಿಲ್ಲ.

ಮರುದಿನ ಗುಮಾಸ್ತನ ಬಳಿ ಮತ್ತೆ ಹೋದಳು. ಅವನಿಗೂ ಸ್ವಲ್ಪ ಕನಿಕರ ಹುಟ್ಟಿತ್ತೇನೋ.

"ಒಂದು ದಾರಿ ಇದೆ. ಯಾರು ಹಾಕಿದ್ದು ಅಂತ ಹೆಸರು ಬರೆದುಕೊಡಿ. ನಿಮ್ಮ ರಜೆ ವಾಪಸ್ ಬರ್ತದೆ."

"ಅವರಿಗೆ ಏನಾಗ್ತದೆ?"

"ಹೇಳದೆ ಕೇಳದೆ ಗೈರುಹಾಜರು ಅಂತ ಬೀಳ್ತದೆ. ಇನ್ನೊಬ್ಬರ ಖಾತೆ ಬಳಸಿದ್ದು ಬೇರೆ. ವಿಚಾರಣೆ ಇರ್ತದೆ, ಯಾಕೆ ಹೋಗಿದ್ರು, ಎಲ್ಲಿಗೆ ಹೋಗಿದ್ರು ಅಂತ."

"ಹಾಗಾದ್ರೆ ಗೊತ್ತಿಲ್ಲ ಬಿಡಿ" ಅಂದಳು ಸೂಜಿಯಕ್ಕ.

ಮನೆಯಲ್ಲಿ ಗಂಡ ಕೈ ಕೈ ಹೊಸೆದುಕೊಂಡ. "ಬರೆದುಕೊಟ್ಟು ಬಾರೇ! ಮಾಡಿದ್ದು ಅವರು. ನಿನಗೆ ಮಗಳು ಹೆಚ್ಚೋ ಆ ಮುದುಕ ಹೆಚ್ಚೋ?"

"ಮಗಳೇ ಹೆಚ್ಚು."

"ಮತ್ತೆ?"

"ಮತ್ತೇನು ಮತ್ತೆ? ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದೋರ ಹೆಸರು ಬರೆಯೋಕೆ ಪೆನ್ನು ಏಳ್ಬೇಕಲ್ಲ. ನೀನು ಬರೀತೀಯಾ? ತಗೋ, ಬರಿ!"

ಗಂಡ ಪೆನ್ನನ್ನು ನೋಡಿದ, ಗೋಡೆಯನ್ನು ನೋಡಿದ, ತಟ್ಟೆ ಎತ್ತಿಕೊಂಡು ತೊಳೆಯಲು ಹೋದ. ಅವತ್ತು ಇಬ್ಬರೂ ಮಾತಾಡಲಿಲ್ಲ. ಮಗಳು ಫೋನು ಮಾಡಿ, "ಅಮ್ಮಾ, ಟಿಕೆಟ್ ತಗೊಂಡ್ಯಾ? ಯಾವಾಗ ಬರ್ತೀಯ?" ಅಂದಾಗ ಮಾತ್ರ ಇಬ್ಬರೂ ಒಂದೇ ಫೋನಿಗೆ ಕಿವಿಯಿಟ್ಟು, "ಬರ್ತೀನಮ್ಮ", "ಬರ್ತಾಳಮ್ಮ" ಅಂದರು.

ಹೀಗೆ ದಿನ ಕಳೆಯತೊಡಗಿದವು. ಸೂಜಿಯಕ್ಕ ದಿನಾ ಬಂದಳು, ಬೀಗ ತೆಗೆದಳು, ಚೀಟಿ ಹರಿದು ಅದರಲ್ಲಿ ಬರೆದು ಬಟ್ಟೆ ಹಂಚಿದಳು. ಮನೆಯಿಂದ ಬುತ್ತಿ ತಂದಳು. ಅವಳು ದುಡಿದಷ್ಟೂ ಅವಳ ರಜೆ ಕರಗುತ್ತಿತ್ತು. ಹಾಸಿಗೆ ಬಿಟ್ಟೇಳದೆ ಮಲಗಿದ್ದರೂ ಅಷ್ಟೇ ಕರಗುತ್ತಿತ್ತು. ಆ ಯೋಚನೆ ಬಂದಾಗಲೆಲ್ಲ ಹೊಲಿಗೆ ಯಂತ್ರದ ಪೆಡಲು ಗಡಗಡ ಅನ್ನುವಷ್ಟು ತುಳಿಯುವಳು, ದಾರ ಪಟಕ್ಕನೆ ಹರಿಯುವುದು. ಹೂಂ ಸಾಹೇಬರು ಒಮ್ಮೆ ಇಳಿದು ಬಂದು ಅವಳನ್ನು ಕಂಡು ಬೆಚ್ಚಿದರು.

"ಹೂಂ... ನೀವು ರಜೆ ಅಲ್ವಾ?"

"ಹೂಂ" ಅಂದಳು ಸೂಜಿಯಕ್ಕ.

"ಹೂಂ" ಅಂದು ಹೋದರು.

ಎರಡನೇ ವಾರ ನಡೆಯುತ್ತಿತ್ತು. ಕಂಪ್ಯೂಟರ್ ಮೇಡಂ ಚೀಟಿಗಳನ್ನೆಲ್ಲ ಮೇಲೆ ಒಯ್ದು ತಾನೇ ಕಂಪ್ಯೂಟರಿಗೆ ಏರಿಸಿಕೊಡಲು ಕೆಳಗೆ ಬಂದಿದ್ದಳು. ಆಗ ಸೂಜಿಯಕ್ಕನ ಫೋನು ಬಡಿದುಕೊಂಡಿತು. ಮಗಳು.

"ಅಮ್ಮಾ, ನೀರು ಒಡೀತು. ಪಕ್ಕದ ಮನೆಯೋರು ಆಸ್ಪತ್ರೆಗೆ ಕರ್ಕೊಂಡು ಹೊರಟಿದಾರೆ. ನೀನು ಬಾ."

"ಈಗಲೇ? ಇನ್ನೂ ದಿನ ಇತ್ತಲ್ಲೇ!"

"ಅಮ್ಮಾ, ಬಾ."

ಫೋನು ಕೈಯಲ್ಲೇ ಉಳಿಯಿತು. "ರಜೆ ಇಲ್ಲವಲ್ಲ" ಅಂದಳು ಸೂಜಿಯಕ್ಕ, ಯಾರಿಗೂ ಅಲ್ಲ. "ಒಂದು ದಿನದ್ದೂ ಇಲ್ಲವಲ್ಲ. ಹೇಳದೆ ಹೋದರೆ ಕೆಲಸ ಹೋಗ್ತದೆ. ಬಾಡಿಗೆ ಯಾರು ಕಟ್ತಾರೆ? ಅಮ್ಮನಿಗೆ ಗಿರಣಿ, ನಂಗೆ ಈ ಹಾಳು ಪೆಟ್ಟಿಗೆ." ಸಿಟ್ಟಿಗೆ ಕೀಲಿಮಣೆಯ ಮೇಲೆ ಕೈ ಅಪ್ಪಳಿಸಿದಳು. ಮಲಗಿದ್ದ ಪರದೆ ಎದ್ದಿತು. ಹೂವು ಅರಳಿತು.

ನೀವು ರಜೆಯಲ್ಲಿದ್ದೀರಿ.

ಸೂಜಿಯಕ್ಕ ಓದಿದಳು. ಬೆರಳಿಟ್ಟು ಇನ್ನೊಮ್ಮೆ ಓದಿದಳು.

"ಮೇಡಂ, ನಾನು ರಜೇಲಿದೀನಾ?"

"ಇದೀರಲ್ಲ ಅಕ್ಕ. ಅದೇ ತಾನೇ ಗೋಳು."

"ಈ ವಾರ ಪೂರ್ತಿ?"

"ಈ ವಾರ ಪೂರ್..." ಅಂದ ಮೇಡಂ ಬಾಯಿ ಮುಚ್ಚಿಕೊಳ್ಳುವುದನ್ನೇ ಮರೆತಳು.

"ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದೆನಲ್ಲೇ! ರಜೆಯಲ್ಲಿಲ್ಲ ಅಂತ ಮಹಡಿ ಮಹಡಿ ಹತ್ತಿ ಜಗಳ ಆಡಿದೆನಲ್ಲೇ, ಮೂರ್ಖಿ!" ಅಂತ ಸೂಜಿಯಕ್ಕ ತನ್ನನ್ನೇ ಬೈದುಕೊಂಡಳು.

ಕುಲಾವಿಯನ್ನು ಚೀಲಕ್ಕೆ ತುರುಕಿದಳು. ಬಾಗಿಲ ತನಕ ಓಡಿ ಮತ್ತೆ ತಿರುಗಿ ಬಂದು, ಸೊಂಟದ ಬೀಗದ ಕೈ ಬಿಚ್ಚಿ ಮೇಡಂ ಕೈಗಿಟ್ಟಳು. "ತೆಗೆದವಳು ನಾನು. ಇವತ್ತು ಮುಚ್ಚೋದು ನೀವು. ಯಾರಾದ್ರೂ ಕೇಳಿದ್ರೆ ಸೂಜಿಯಕ್ಕ ರಜೇಲಿದಾಳೆ ಅನ್ನಿ. ಸುಳ್ಳೇನಲ್ಲ, ಕಂಪ್ಯೂಟರೇ ಹೇಳ್ತಿದೆ."

ಬಸ್ಸು ಕೆಟ್ಟು ನಿಲ್ಲಲಿಲ್ಲ ಅನ್ನುವುದೊಂದೇ ಆ ದಿನದ ಉಪಕಾರ. ಸೀಟಿನ ಅಂಚಿನಲ್ಲಿ ಕೂತು, ಎದುರಿನ ಕಂಬಿ ಹಿಡಿದು ತಾನೇ ಬಸ್ಸನ್ನು ತಳ್ಳುವಂತೆ ಮುಂದಕ್ಕೆ ಬಾಗಿಯೇ ಹೋದಳು. ವಾರ್ಡಿನ ಬಾಗಿಲಲ್ಲಿ ಆಯಾ ಒಬ್ಬಳು ಅಡ್ಡ ಬಂದು, "ಯಾರು ನೀವು?" ಅಂದಳು.

"ತಾಯಿ" ಅಂದಳು ಸೂಜಿಯಕ್ಕ. ಈ ಒಂದು ಕಡೆ ಪಾಸ್‌ವರ್ಡ್ ಕೇಳಲಿಲ್ಲ.

ಮಗಳ ಕೈ ಹಿಡಿದಳು. ಮಗಳು ಅವಳ ಮಣಿಕಟ್ಟಿನಲ್ಲಿ ಉಗುರಿನ ಗುರುತು ಮೂಡುವಷ್ಟು ಬಿಗಿಯಾಗಿ ಹಿಡಿದಳು. ಮೊಮ್ಮಗಳು ಹುಟ್ಟಿದಳು. ಕುಲಾವಿ ಒಂದಿಷ್ಟು ದೊಡ್ಡದಾಯಿತು, ಕಣ್ಣಿನ ಮೇಲೆ ಇಳಿಯಿತು.

ಮಾರನೇ ದಿನ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಾಗ ಫೋನು ಟಿಣ್ ಅಂದಿತು. ಸಂದೇಶ: ನಿಮ್ಮ ರಜೆ ರದ್ದಾಗಿದೆ. ನಿಮ್ಮ ಖಾತೆ ತೆರೆಯಲಾಗಿದೆ. ಇಂದು ನೀವು ಗೈರುಹಾಜರಾಗಿದ್ದೀರಿ.

ಸೂಜಿಯಕ್ಕ ಮಗು ಮಲಗಿದೆ ಅಂತ ಹಲ್ಲು ಕಚ್ಚಿ ಬೈದಳು. ಬೇಡ ಬೇಡ ಅಂದಾಗ ಬಲವಂತವಾಗಿ ರಜೆ. ಬೇಕು ಅಂದ ಮರುದಿನ ರದ್ದು. ಈ ಪೆಟ್ಟಿಗೆಗೆ ತನ್ನ ಮೇಲೆ ಯಾವ ಜನ್ಮದ ಹಗೆ? ಮೇಡಂಗೆ ಫೋನು ಮಾಡಿದಳು.

"ಇಸ್ತ್ರಿ ಮಾವ ಎರಡು ವಾರ ಮುಗಿಯೋ ಮುಂಚೇನೇ ಬಂದರು ಅಕ್ಕ, ಕಪ್ಪು ಕನ್ನಡಕ ಹಾಕ್ಕೊಂಡು" ಅಂದಳು ಮೇಡಂ. "ನೀವು ಅವತ್ತು ಫೋನು ಮಾಡಿ ಬೈಯದೆ ಇಟ್ಟರಲ್ಲ, ಆಗಲೇ ಅನುಮಾನ ಬಂತಂತೆ. ಸೂಜಿಯಕ್ಕ ಬೈಯಲಿಲ್ಲ ಅಂದ್ರೆ ಏನೋ ದೊಡ್ಡದೇ ಆಗಿದೆ ಅಂತ. ನನ್ನ ಹತ್ರ ಎಲ್ಲ ಕೇಳಿ, ನೇರ ಗುಮಾಸ್ತರ ಹತ್ರ ಹೋಗಿ, ನಾನೇ ಹಾಕಿದ್ದು, ಕಣ್ಣು ಕಾಣದೆ ಹಾಕಿದ್ದು ಅಂತ ಬರೆದುಕೊಟ್ಟರು. ನಿಮ್ಮ ರಜೆ ಪೂರ್ತಿ ವಾಪಸ್ ಬಂದಿದೆ. ಅವರಿಗೆ ಬಾರದಿದ್ದ ದಿನಗಳ ಸಂಬಳ ಇಲ್ಲ. ವಿಚಾರಣೆ ಏನೋ ಇದೆ ಅಂತಾರೆ."

"ಆ ಮುದುಕನಿಗೆ ಯಾರು ಹೇಳಿದ್ದು ಬರೆದುಕೊಡಿ ಅಂತ? ನಾನು ಬಾಯಿ ಹೊಲ್ಕೊಂಡು ಕೂತಿದ್ದು ಯಾಕೆ ಮತ್ತೆ?" ಸೂಜಿಯಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು. ಒರೆಸಿಕೊಂಡದ್ದಕ್ಕೂ ಸಿಟ್ಟು ಬಂತು.

"ಈಗ ನೀವು ಫೋನಿನಲ್ಲೇ ಹೊಸದಾಗಿ ರಜೆ ಹಾಕಿ. ನಿಮ್ಮ ಹೆಸರಲ್ಲಿ, ನೀವೇ."

ಒಂದು ಕೈಯಲ್ಲಿ ಕೂಸು, ಒಂದು ಕೈಯಲ್ಲಿ ಫೋನು. ಬಂಗಾರ ಅಂತ ಒತ್ತಿದಳು. ತಪ್ಪು ಅಂದಿತು. ಮತ್ತೆ ಒತ್ತಿದಳು, ತೆರೆಯಿತು. ಎರಡು ವಾರ ಅಂತ ಹಾಕಿ, ನಿನ್ನೆಯಿಂದ ಅಂತಲೂ ಸೇರಿಸಿ ಕಳಿಸಿದಳು. ಮಗು ಒಮ್ಮೆ ಆಕಳಿಸಿ ಮುಗಿಸುವುದರೊಳಗೆ ಮಂಜೂರು. ಹೂಂ ಸಾಹೇಬರು ಈ ಸಲವೂ ಓದಿರಲಿಲ್ಲ. ಆ ಮನುಷ್ಯನನ್ನು ಬೈಯಬೇಕೋ ಹರಸಬೇಕೋ ತಿಳಿಯದೆ ಸೂಜಿಯಕ್ಕ ಮಾವನಿಗೆ ಫೋನು ಹಚ್ಚಿದಳು.

ಬಟ್ಟೆ ಕೋಣೆಯಿಂದಲೇ ಮಾತಾಡಿದ ಮಾವ. ಅವಳು ಬರುವ ತನಕ ವಾರ್ಡುಗಳಿಗೆ ಬಟ್ಟೆ ಕೊಡುವುದೂ ಅವನ ತಲೆಗೇ ಬಿದ್ದಿತ್ತು.

"ಸಂಬಳ ಕಳ್ಕೊಂಡ್ರಂತೆ, ದೊಡ್ಡ ಮನುಷ್ಯರು" ಅಂದಳು.

"ಕಣ್ಣು ಬಂತಲ್ಲ ಬಿಡು. ಮಗು ಯಾರ ಹಾಗೆ ಇದೆ?"

"ಕುಲಾವಿ ಇಳಿದು ಮುಖವೇ ಕಾಣ್ತಿಲ್ಲ. ವಿಚಾರಣೆಗೆ ನಾನೂ ಬರ್ತೀನಿ. ಬಾಗಿಲು ತೆಗೆದಿಟ್ಟವಳು ನಾನು, ಕೂರಿಸಿದವಳೂ ನಾನು. ನೀವೊಬ್ಬರೇ ಹೇಗೆ ಮುಚ್ತೀರ?"

ಮಾವನ ಹಿಂದೆ ಒಗೆಯುವ ಯಂತ್ರ ಗುರ್ ಅನ್ನುತ್ತಿತ್ತು.

"ಅದಿರಲಿ, ಇವತ್ತು ಕಂಪ್ಯೂಟರ್ ಯಾರ ಹೆಸರಲ್ಲಿ ತೆಗೆದ್ರಿ?" ಅಂತ ಗದರಿಸಿದಳು ಸೂಜಿಯಕ್ಕ.

"ನನ್ನದರಲ್ಲೇ ಕಣಮ್ಮ. ಮೇಡಂ ಕೂರಿಸಿ ಹೇಳಿಕೊಟ್ಟಿದಾರೆ. ಎದ್ದಾಗಲೆಲ್ಲ ಮುಚ್ತಿದೀನಿ. ನೀರು ಕುಡಿಯೋಕೆ ಎದ್ರೂ ಮುಚ್ತಿದೀನಿ, ಬೇಜಾರಾಗಿ ಹೋಗಿದೆ."

"ಮೂಲೇಲಿ ಬೊಟ್ಟು ಇರ್ತದೆ, ಅದರಲ್ಲಿ ಅಕ್ಷರ. ಕಾಣ್ತದಾ ಈಗ?"

"ಎಷ್ಟು ಚೆನ್ನಾಗಿ ಕಾಣ್ತದೆ ಅಂತೀಯ! ಕೆತ್ತಿ ಇಟ್ಟ ಹಾಗೆ."

"ಯಾರ ಅಕ್ಷರ ಅದು?"

ಮಾವ ಪರದೆಯ ಹತ್ತಿರ ಬಾಗಿದ್ದು, ಕುರ್ಚಿ ಕಿರ್ ಅಂದದ್ದು ಫೋನಿನಲ್ಲಿ ಕೇಳಿಸಿತು.

"ಅದೇ ತಿಳೀತಿಲ್ಲ ಕಣೇ" ಅಂದ. "ನನ್ನದೋ, ನಿನ್ನದೋ."